ಕೆತ್ತಿರಬೇಕು, ಕೆತ್ತಿರಬಹುದು, ಕೆತ್ತಿರಲಾರರು

ಶಾಸನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ನಮ್ಮಂಥ ಹವ್ಯಾಸಿಗಳ ಮೇಲೆ ನನ್ನದೊಂದು ತಕರಾರಿದೆ. ಲಿಪಿ ಓದೋದು ಕಲಿಯೋಕೆ ವರ್ಷಗಟ್ಟಲೆ ಕಷ್ಟಪಡ್ತೀವಿ. ಓದಿದ್ದನ್ನು ಹೇಳುವಾಗ ಮಾತ್ರ ‘ಮಸ್ಟ್ ಹ್ಯಾವ್’, ‘ಮೇ ಹ್ಯಾವ್’, ‘ಕುಡ್ ಹ್ಯಾವ್’ಗಳನ್ನು ಕೈಗೆ ಸಿಕ್ಕಂತೆ ಬಳಸ್ತೀವಿ. ಟಾಲರೆನ್ಸ್ ಬರೆಯದ ಡ್ರಾಯಿಂಗನ್ನು ನಮ್ಮ ವರ್ಕ್‌ಶಾಪಿನವರು ವಾಪಸ್ ಕಳಿಸ್ತಾರೆ. ಶಾಸನದ ಟಿಪ್ಪಣಿಗೂ ಅದೇ ನಿಯಮ ಇರಬೇಕಲ್ಲವೇ?

ಹಲ್ಮಿಡಿಯನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಕದಂಬ ಕಾಕುಸ್ಥನ ಹೆಸರು, ಲಿಪಿ ಮತ್ತು ಭಾಷೆಯ ಲಕ್ಷಣಗಳು, ಇವುಗಳ ಮೇಲೆ ‘ಸುಮಾರು 450’ ನಿಂತಿದೆ. ಅದಕ್ಕಿಂತ ಈಚಿನದು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ.

‘450ರಲ್ಲಿ ಕೆತ್ತಿರಬೇಕು’ ಎಂದರೆ, ಅಂದರೆ ಮಸ್ಟ್ ಹ್ಯಾವ್ ಬಳಸಿದರೆ, ಉಳಿದ ಸಾಧ್ಯತೆಗಳನ್ನೆಲ್ಲ ತಳ್ಳಿಹಾಕಿದಂತೆ. ಅಷ್ಟು ಆಧಾರ ನಮ್ಮಲ್ಲಿಲ್ಲ. ‘450ರ ಸುಮಾರಿಗೆ ಕೆತ್ತಿರಬಹುದು’ ಪ್ರಾಮಾಣಿಕ ಮಾತು. ‘ಈ ಕಾಕುಸ್ಥ ಕಾಕುಸ್ಥವರ್ಮನೇ ಆಗಿದ್ದರೆ, ಅವನ ಕಾಲಕ್ಕಿಂತ ಮೊದಲು ಕೆತ್ತಿರಲಾರರು’ ಎಂಬುದು ಕಾಂಟ್ ಹ್ಯಾವ್. ಮೂರರಲ್ಲಿ ಗಟ್ಟಿ ಇದೇ, ಯಾಕಂದ್ರೆ ತಾನು ನಿಂತಿರುವ ಷರತ್ತನ್ನೂ ಹೇಳಿಬಿಡುತ್ತದೆ.

ಬಾದಾಮಿಗೆ ಬನ್ನಿ. ಒಂದನೇ ಪುಲಕೇಶಿಯ ಬಂಡೆ ಶಾಸನ ಶಕವರ್ಷ 465 ಎನ್ನುತ್ತದೆ, ಅಂದರೆ ಕ್ರಿ.ಶ. 543. ಅಲ್ಲಿ ‘ಕೋಟೆ ಕಟ್ಟಿಸಿದ’ ಅಂದರೆ ಸಾಕು. ‘ಮಸ್ಟ್ ಹ್ಯಾವ್’ ಸೇರಿಸಿದರೆ ಮಾತಿಗೆ ಬಲ ಬರೋದಿಲ್ಲ, ಅನುಮಾನ ಬರುತ್ತದೆ. ಈ ಪದ ಎಷ್ಟು ಜೋರಾಗಿ ಕೇಳಿಸಿದರೂ ಅದು ಊಹೆಯ ಗುರುತೇ.

‘ಕುಡ್ ಹ್ಯಾವ್’ ಇನ್ನೂ ಮೋಸದ್ದು. ಅದು ‘ಕಟ್ಟಿಸಿರಬಹುದು’ ಕೂಡ ಹೌದು, ‘ಕಟ್ಟಿಸಬಹುದಿತ್ತು, ಕಟ್ಟಿಸಲಿಲ್ಲ’ ಕೂಡ ಹೌದು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ. ಅನುವಾದಿಸುವಾಗ ತಪ್ಪಿದರೆ ಇದ್ದಿರಬಹುದಾದ ಕೋಟೆಯೊಂದು ಕಟ್ಟದೇ ಬಿಟ್ಟ ಕೋಟೆಯಾಗುತ್ತದೆ!

ಇದನ್ನು ಬರೆಯಲು ಕಾರಣ ನನ್ನದೇ ತಪ್ಪು. ಒಂದು ಊರಿನ ವೀರಗಲ್ಲಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದುಕೊಟ್ಟಿದ್ದೆ. ಅಕ್ಷರ ಒಂದೂ ಉಳಿದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ದನಗಳು ಮಾತ್ರ ಕಾಣ್ತವೆ. ‘ತುರುಗಾಳಗದಲ್ಲಿ ಸತ್ತಿರಬೇಕು’ ಎಂದದ್ದಕ್ಕೆ ಆ ದನಗಳ ಸಾಕ್ಷಿ ಇತ್ತು. ‘ಗಂಗರ ಕಾಲದವನಿರಬೇಕು’ ಎಂದದ್ದಕ್ಕೆ ನನ್ನ ಉತ್ಸಾಹ ಬಿಟ್ಟು ಏನೂ ಇರಲಿಲ್ಲ. ಎರಡಕ್ಕೂ ಒಂದೇ ‘ಮಸ್ಟ್ ಹ್ಯಾವ್’ ಹಾಕಿದ್ದೆ. ಊರಿನವರು ಕನ್ನಡದಲ್ಲಿ ಬೋರ್ಡ್ ಬರೆಸುವಾಗ ‘ಬೇಕು’ ಉದುರಿಹೋಯ್ತು: ‘ಗಂಗರ ಕಾಲದ ವೀರ’. ಕಳೆದ ಸಲ ಹೋದಾಗ ಶಾಲೆಯ ಹುಡುಗನೊಬ್ಬ ಅದನ್ನು ನನಗೇ ಓದಿ ಹೇಳಿದ.

ಈಗ ‘ಇರಬೇಕು’ ಬರೆಯುವ ಮುಂಚೆ ‘ಇನ್ನೇನಾಗಿರಬಹುದು?’ ಅಂತ ಕೇಳ್ಕೋತೀನಿ. ಒಂದೇ ಒಂದು ಬೇರೆ ಉತ್ತರ ಸಿಕ್ಕರೂ ‘ಬೇಕು’ ಹೊಡೆದುಹಾಕಿ ‘ಬಹುದು’ ಬರೀತೀನಿ. ಊರಿನವರಿಗೂ ಹೇಳಿದ್ದೇನೆ. ಬೋರ್ಡ್ ಇನ್ನೂ ಹಾಗೇ ಇದೆ.