ಎರಡು ಬಣ್ಣದ ಪೈರೋಮೀಟರಿನ ಹೆಸರು

ತಾಂಡೂರಿನಿಂದ ಸೇಡಂ, ಮಳಖೇಡ, ವಾಡಿಯವರೆಗೆ ಹಬ್ಬಿದ ಸುಣ್ಣಕಲ್ಲಿನ ಸೀಮೆಯಲ್ಲಿ ಸಿಮೆಂಟ್ ಕಿಲ್ನುಗಳಿಗೆ ಬರವಿಲ್ಲ. ಒಳಗೆ ಕಲ್ಲು ಬೆಂದು ಸಿಮೆಂಟಿನ ಉಂಡೆ, ಅಂದರೆ ಕ್ಲಿಂಕರ್, ಆಗುವುದು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೊಳವೆಯಂಥ ಆ ತಿರುಗುವ ಕುಲುಮೆಯೊಳಗೆ, ಮುಟ್ಟಿ ಅಳೆಯುವ ಥರ್ಮೊಕಪಲ್ ಬಹುಕಾಲ ಬಾಳದು. ದೂರದಿಂದ ವಿಕಿರಣ ನೋಡಿಯೇ ಶಾಖ ಹೇಳಬೇಕು. ಪೈರೋಮೀಟರಿನ ಕೆಲಸ ಅದೇ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆ 1892ರಲ್ಲಿ ಆಪ್ಟಿಕಲ್ ಪೈರೋಮೀಟರ್ ರೂಪಿಸಿದ್ದು, ಅದಕ್ಕೂ ಮುಂಚೆ ಸಿಮೆಂಟಿನ ರಸಾಯನ ಬಿಡಿಸಿದ್ದು ಎಲ್ಲ ಗೊತ್ತಿದ್ದದ್ದೇ. ನನ್ನ ತಕರಾರು ಎರಡು ಬಣ್ಣದ ಪೈರೋಮೀಟರಿಗೆ ಸಿಕ್ಕಿರುವ ಒಳ್ಳೆಯ ಹೆಸರಿನ ಮೇಲೆ.

ಒಂದೇ ಬಣ್ಣದ, ಎಂದರೆ ಒಂದೇ ತರಂಗ ನೋಡುವ, ಉಪಕರಣಕ್ಕೆ ವಸ್ತುವಿನ ಉತ್ಸರ್ಜಕತೆಯನ್ನು, ಅಂದರೆ ಅದು ಎಷ್ಟರಮಟ್ಟಿಗೆ ಶಾಖ ಸೂಸುತ್ತದೆಂಬುದನ್ನು, ನಾವೇ ತಿಳಿಸಬೇಕು. ಎರಡು ಬಣ್ಣದ್ದು ಅಕ್ಕಪಕ್ಕದ ಎರಡು ತರಂಗಗಳ ತೀವ್ರತೆಯ ಅನುಪಾತ ಹಿಡಿಯುವುದರಿಂದ ಉತ್ಸರ್ಜಕತೆಯೂ ಧೂಳೂ ತಾವೇ ಕಳೆದುಹೋಗುತ್ತವೆ ಎನ್ನುತ್ತಾರೆ ಅದರ ಪಕ್ಷಪಾತಿಗಳು. ಲೆಕ್ಕ ಹಾಕಿ ನೋಡಿ. 1450 ಡಿಗ್ರಿಯಲ್ಲಿ, 1 ಮೈಕ್ರಾನಿನ ಒಂದು ಬಣ್ಣದ ಉಪಕರಣಕ್ಕೆ ಉತ್ಸರ್ಜಕತೆ ಶೇ. 10ರಷ್ಟು ತಪ್ಪಾಗಿ ಕೊಟ್ಟರೆ ಓದಿಕೆ ಸುಮಾರು 20 ಡಿಗ್ರಿ ತಪ್ಪುತ್ತದೆ. 0.95 ಮತ್ತು 1.05 ಮೈಕ್ರಾನ್ ಬಳಸುವ ಎರಡು ಬಣ್ಣದ್ದಕ್ಕೆ ಅಷ್ಟೇ ತಪ್ಪು ಮಾಡಲು ಅನುಪಾತ ಶೇ. 1ರಷ್ಟು ಜರುಗಿದರೆ ಸಾಕು. ಹತ್ತು ಪಟ್ಟು ನಾಜೂಕು! ಧೂಳು ಎರಡೂ ತರಂಗಗಳನ್ನು ಸಮನಾಗಿ ತಡೆದರೆ ಅನುಪಾತ ಉಳಿಯುತ್ತದೆ, ನಿಜ. ಆದರೆ ಕಿಲ್ನಿನ ಧೂಳು ಬರೀ ಪರದೆಯಲ್ಲ. ತಾನೇ ಕಾದು ಬೆಳಗುತ್ತದೆ. ಜ್ವಾಲೆಯ ಮಸಿಯೂ ಗಿಡ್ಡ ತರಂಗದಲ್ಲಿ ಹೆಚ್ಚು ಸೂಸಿ ಓದಿಕೆಯನ್ನು ಮೇಲೆತ್ತುತ್ತದೆ. ಹಾಗಾಗಿ ಕಂಟ್ರೋಲ್ ರೂಮಿನ ಅಂಕಿ ಕ್ಲಿಂಕರಿನದೋ, ಧೂಳಿನದೋ, ಜ್ವಾಲೆಯದೋ ಎಂಬುದು ಇತ್ಯರ್ಥವಾಗದೆ ಉಳಿಯುತ್ತದೆ.

ಅಂಕಿ ಬಿಟ್ಟು, ಕ್ಲಿಂಕರಿನಲ್ಲಿ ಬೆರೆಯದೆ ಉಳಿದ ಸುಣ್ಣ ಅಳೆಯುವ ಫ್ರೀ ಲೈಮ್ ಪರೀಕ್ಷೆಯನ್ನೇ ನಂಬೋಣವೆಂದರೆ, ಅದರ ಫಲ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಿಲ್ನ್ ತಣ್ಣಗಾದರೆ ಗತಿ ಏನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಕ್ಷಣ ತಿಳಿಸುವುದೇ ಪೈರೋಮೀಟರಿನ ಬೆಲೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಅದು ಬೇಕೇಬೇಕು. ಹಾಗೆಂದು ನೀಲಿ ಗಾಜಿನಲ್ಲಿ ಇಣುಕಿ ಕಿಲ್ನ್ ನೋಡಿಕೊಳ್ಳುತ್ತಿದ್ದ ಹಳೆಯ ಕೆಲಸಗಾರರಾದ ಬರ್ನರ್‌ಗಳ ಕಣ್ಣೇ ಸಾಕಿತ್ತು ಎನ್ನುವವರ ಜೊತೆಗೂ ನಾನಿಲ್ಲ: ಆ ಕಣ್ಣು ಪಾಳಿಯೊಂದಿಗೆ ಬದಲಾಗುತ್ತಿತ್ತು, ದಾಖಲೆ ಬಿಡುತ್ತಿರಲಿಲ್ಲ. ಆದರೆ ಆ ಕಣ್ಣು ಕ್ಲಿಂಕರ್ ಹೊರಳುವ ಬಗೆಯನ್ನೂ ಜ್ವಾಲೆಯ ಆಕಾರವನ್ನೂ ಒಟ್ಟಿಗೆ ಕಾಣುತ್ತಿತ್ತು. ಅಷ್ಟನ್ನು ಒಂದೇ ಅಂಕಿಗೆ ಇಳಿಸಿದ್ದನ್ನು ಪ್ರಗತಿ ಎಂದು ಹೊಗಳುವವರು ಕಳೆದದ್ದರ ಲೆಕ್ಕ ಇಟ್ಟಿಲ್ಲ. ಕಿಲ್ನ್ ತಿರುಗಿಸುವ ಮೋಟರಿನ ಕರೆಂಟು, ಹೊಗೆಯ ನೈಟ್ರೋಜನ್ ಆಕ್ಸೈಡು, ಫ್ರೀ ಲೈಮು ಎಂಬ, ಶಾಖ ಸೂಚಿಸುವ ಈ ಮೂರೂ ಗುರುತುಗಳು ಒಪ್ಪದ ಹೊತ್ತಿನಲ್ಲಿ ಪೈರೋಮೀಟರಿನ 1450ನ್ನು ನಂಬಿ ಕಲ್ಲಿದ್ದಲು ತಗ್ಗಿಸಬಾರದು.