ವಿಪರೀತವಿದ್ಯೆ

ಅಜ್ಞಾನವು ಬೇರೆ, ವಿಪರೀತಜ್ಞಾನವು ಬೇರೆ ಎಂದು ನಮ್ಮ ಶಾಸ್ತ್ರಕಾರರು ವಿಂಗಡಿಸುವರು. ಹಗ್ಗವನ್ನು ಕಾಣದಿರುವುದು ಮೊದಲನೆಯದು. ಹಗ್ಗವನ್ನೇ ಹಾವೆಂದು ಬಗೆಯುವುದು ಎರಡನೆಯದು. ಅಮೆರಿಕಾದ ಕಪ್ಪುಜನರ ವಿದ್ಯಾಭ್ಯಾಸವನ್ನು ಕುರಿತು ಕಾರ್ಟರ್ ವುಡ್‌ಸನ್ನರು 1933ರಲ್ಲಿ ಪ್ರಕಟಿಸಿದ ‘ದಿ ಮಿಸ್-ಎಜುಕೇಷನ್ ಆಫ್ ದಿ ನೀಗ್ರೊ’ ಎಂಬ ಗ್ರಂಥದ ತಿರುಳು ಈ ಭೇದದಲ್ಲಿಯೇ ಅಡಗಿರುವುದು.

ಗ್ರಂಥಕರ್ತರು ಹಿಂದೆ ಗುಲಾಮರಾಗಿದ್ದ ತಾಯಿತಂದೆಗಳಿಗೆ 1875ರಲ್ಲಿ ಜನಿಸಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಸುಮಾರು 20ನೆಯ ವಯಸ್ಸಿನಲ್ಲಿ ಹೈಸ್ಕೂಲನ್ನು ಸೇರಿ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದವರು. ಆ ಕಾಲದಲ್ಲಿ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಬೇರೆ ಬೇರೆ ಶಾಲೆಗಳಿದ್ದವು. ಪ್ರತ್ಯೇಕವಾಗಿದ್ದರೂ ಸಮಾನವಾಗಿದ್ದರೆ ದೋಷವಿಲ್ಲವೆಂಬ 1896ರ ಸರ್ವೋಚ್ಚ ನ್ಯಾಯಪೀಠದ ತೀರ್ಪು ಇದಕ್ಕೆ ಆಧಾರವಾಯಿತು. ಆಚರಣೆಯಲ್ಲಿ ಪ್ರತ್ಯೇಕತೆಯು ನಿಂತಿತು. ಸಮಾನತೆಯು ಮಾತಿನಲ್ಲಿಯೇ ಉಳಿಯಿತು. ಕಟ್ಟಡ, ಪುಸ್ತಕ, ಉಪಾಧ್ಯಾಯರ ವೇತನ, ಎಲ್ಲದರಲ್ಲಿಯೂ ಕಪ್ಪುಮಕ್ಕಳ ಪಾಲು ಕಡಿಮೆಯಾಗಿದ್ದಿತು.

ವುಡ್‌ಸನ್ನರು ಎತ್ತಿ ತೋರಿಸುವುದು ಇದಕ್ಕಿಂತಲೂ ಆಳವಾದ ಅನ್ಯಾಯವನ್ನು. ಕಷ್ಟಪಟ್ಟು ದೊರಕಿಸಿಕೊಂಡ ಪಾಠವೇ ಕಲುಷಿತವಾಗಿದ್ದಿತು. ಗ್ರೀಕರ, ರೋಮನರ ಚರಿತ್ರೆಯನ್ನು ಕಲಿತ ಬಾಲಕನಿಗೆ ಆಫ್ರಿಕಾಖಂಡಕ್ಕೂ ಚರಿತ್ರೆಯುಂಟೆಂದು ಶಾಲೆಯು ಹೇಳಲಿಲ್ಲ. ಓದಿದಷ್ಟೂ ಅವನು ತನ್ನವರನ್ನು ಹೀನರೆಂದೆಣಿಸಿ ಅವರಿಂದ ದೂರವಾಗುತ್ತಿದ್ದನು. ಶಾಲೆಯಿಲ್ಲದ ಊರಿಗೆ ಶಾಲೆಯನ್ನು ಕೊಡಬಹುದು. ಶಾಲೆಯೇ ಕಲಿಸಿದ ಆತ್ಮತಿರಸ್ಕಾರಕ್ಕೆ ಮದ್ದೇನು? ಗ್ರಂಥದ ಮುಖ್ಯ ಪ್ರಶ್ನೆಯಿದು.

ಗ್ರಂಥವು ನಿರ್ದುಷ್ಟವಲ್ಲ. ಭಾಷಣ ಲೇಖನಗಳಲ್ಲಿ ಹಿಂದೆ ಹೇಳಿದ ವಿಚಾರಗಳನ್ನೇ ಕೂಡಿಸಿರುವುದರಿಂದ ಪುನರುಕ್ತಿಯು ಹೆಚ್ಚು. ವಿದ್ಯಾವಂತರಾದ ಸ್ವಜನರನ್ನು ನಿಂದಿಸುವಾಗ ಬಾವಿಗೆ ವಿಷವಿಕ್ಕಿದವನಿಗಿಂತ ನೀರು ಕುಡಿದವನೇ ಅಪರಾಧಿಯೆಂಬಂತೆ ಕೆಲವೆಡೆ ತೋರುವುದು. ಆದರೂ ವುಡ್‌ಸನ್ನರು ಬರಿಯ ಆಕ್ಷೇಪಕರಲ್ಲ. 1915ರಲ್ಲಿ ತಮ್ಮ ಜನರ ಚರಿತ್ರೆಯ ಸಂಶೋಧನೆಗಾಗಿ ಸಂಘವೊಂದನ್ನು ಸ್ಥಾಪಿಸಿ, 1926ರಲ್ಲಿ ಆ ಚರಿತ್ರೆಗಾಗಿ ವರ್ಷಕ್ಕೊಂದು ವಾರವನ್ನು ಮೀಸಲಿಡುವ ಪದ್ಧತಿಯನ್ನು ತೊಡಗಿಸಿದರು.

ಅವರು 1950ರಲ್ಲಿ ಕಾಲವಾದರು. 1954ರಲ್ಲಿ ಅದೇ ನ್ಯಾಯಪೀಠವು ಸರಕಾರಿ ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ಏಕಮತದಿಂದ ತಳ್ಳಿಹಾಕಿತು. ಆದರೆ ಮುಂದೆ ಶಾಲೆಗಳು ಒಂದಾದಾಗ ದಕ್ಷಿಣದಲ್ಲಿ ಸಾವಿರಾರು ಮಂದಿ ಕಪ್ಪು ಉಪಾಧ್ಯಾಯರು ಕೆಲಸವನ್ನು ಕಳೆದುಕೊಂಡರು. ಶಿಷ್ಯನಿಗೆ ತೆರೆದ ಬಾಗಿಲು ಗುರುವಿಗೆ ಮುಚ್ಚಿತು. ಯಾರು ಕಲಿಸುವರು, ಏನನ್ನು ಕಲಿಸುವರು ಎಂದು ವುಡ್‌ಸನ್ನರು ಕೇಳಿದುದು ಎಷ್ಟು ದೂರದೃಷ್ಟಿಯದೆಂದು ಇದರಿಂದ ತಿಳಿಯುವುದು. ಪೀಠದಲ್ಲಿ ಸ್ಥಳವನ್ನು ಕೊಟ್ಟ ಮಾತ್ರಕ್ಕೆ ಪರಿಹಾರವು ಪೂರ್ಣವಾಗದು. ಪಠ್ಯದಲ್ಲಿಯೂ ಬೋಧಕವರ್ಗದಲ್ಲಿಯೂ ಸ್ಥಳವು ದೊರೆಯಬೇಕು. ಪಠ್ಯಪುಸ್ತಕಗಳನ್ನು ರಚಿಸುವವರೂ ಆರಿಸುವವರೂ ಈ ಗ್ರಂಥವನ್ನು ಒಮ್ಮೆಯಾದರೂ ಓದುವುದು ಲೇಸು.