ಮಾತನಾಡುವ ಉಪಕರಣ ಮತ್ತು ಚೋಮನ ದುಡಿ

ರೋಮನ್ ಲೇಖಕ ವಾರ್ರೊ ಕ್ರಿ.ಪೂ. 37ರ ತನ್ನ ಕೃಷಿಗ್ರಂಥದಲ್ಲಿ ಬೇಸಾಯದ ಉಪಕರಣಗಳ ಮೂರು ವರ್ಗಗಳನ್ನು ಹೇಳುತ್ತಾನೆ: ಬಂಡಿಯಂಥ ಮೂಕ ಉಪಕರಣ, ಎತ್ತಿನಂಥ ಅರೆಮಾತಿನ ಉಪಕರಣ, ಗುಲಾಮನೆಂಬ ಮಾತನಾಡುವ ಉಪಕರಣ. ಪ್ಲೌಟಸ್‌ನ ಪ್ರಹಸನಗಳಲ್ಲಿ ಗುಲಾಮನು ಯಜಮಾನನನ್ನು ಜಾಣ್ಮೆಯಿಂದ ವಂಚಿಸಿ ನಗಿಸುತ್ತಾನೆ. ನಾಟಕ ಮುಗಿದಾಗ ಗುಲಾಮಗಿರಿ ಇದ್ದಂತೆಯೇ ಇರುತ್ತದೆ. ಸೆನೆಕನು ತನ್ನ 47ನೆಯ ಪತ್ರದಲ್ಲಿ ಗುಲಾಮರೂ ಮನುಷ್ಯರೆಂದು ಸಾರಿದರೂ ಅವರನ್ನು ಬಿಡುಗಡೆ ಮಾಡಬೇಕೆಂದು ಕೇಳುವುದಿಲ್ಲ. ಯಜಮಾನನ ಲೋಕವೇ ಈ ಮೂವರ ಲೋಕ.

ವಾರ್ರೊನ ವಿಂಗಡಣೆಯನ್ನು ಮುಂದಿಟ್ಟುಕೊಂಡು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಓದಿದರೆ ಅದರ ಬಲ ಸ್ಪಷ್ಟವಾಗುತ್ತದೆ. ಸಂಕಪ್ಪಯ್ಯನ ಜೀತದಾಳಾದ ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂಬುದು ಊರ ಕಟ್ಟಳೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಗ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಕಿರಿಯ ನೀಲ ನೀರಿನಲ್ಲಿ ಮುಳುಗುವಾಗ ಮೈಲಿಗೆಯ ಭಯ ಜನರನ್ನು ತಡೆಯುತ್ತದೆ. ಕೊನೆಗೆ ಚೋಮ ಎತ್ತುಗಳನ್ನು ಅಟ್ಟಿಬಿಟ್ಟು, ಗುಡಿಸಿಲ ಬಾಗಿಲಿಕ್ಕಿಕೊಂಡು, ಸಾಯುವವರೆಗೆ ದುಡಿ ಬಾರಿಸುತ್ತಾನೆ. ಉಪಕರಣವೆನಿಸಿದವನು ಧಣಿಯ ಯಾವ ಉಪಯೋಗಕ್ಕೂ ಬಾರದ ನಾದವನ್ನು ಹೊರಡಿಸುತ್ತಾನೆ. ಆದರೆ ಕಾರಂತರು ಚೋಮನಿಗೆ ನಾದವನ್ನು ಕೊಟ್ಟಷ್ಟು ಧಾರಾಳವಾಗಿ ಮಾತನ್ನು ಕೊಡಲಿಲ್ಲ. ಕೇರಿಯ ಒಳಗಿನ ಮಾತು ತುಂಬಿ ಬರಲು ಕನ್ನಡವು ದೇವನೂರ ಮಹಾದೇವರ ‘ಒಡಲಾಳ’ದವರೆಗೆ ಕಾಯಬೇಕಾಯಿತು.

ಯಾಜಕರಾದ ನಮ್ಮನ್ನು ತಡೆದು ಕೇಳುವ ಪ್ರಸಂಗವೂ ಇಲ್ಲಿದೆ. ಮತಾಂತರವಾದರೆ ನೆಲ ಸಿಗುವುದೆಂದು ಚೋಮ ಪಾದ್ರಿಯ ಕಡೆಗೆ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ನೆನಪು ಅವನನ್ನು ಹಿಂದಿರುಗಿಸುತ್ತದೆ. ಇದನ್ನು ಮೂಢನಂಬಿಕೆಯ ಗೆಲುವೆನ್ನುವುದು ಸುಲಭ. ನಾವು ಹಾಗೆ ಓದಲಾರೆವು. ಅವನಿಗೆ ಧರ್ಮಸಭೆ ಕಂಡದ್ದು ನೆಲಕ್ಕೆ ಬೆಲೆ ಕೇಳುವ ಮತ್ತೊಬ್ಬ ಧಣಿಯಾಗಿ. ಸಂತ ಪೌಲನೂ ಗುಲಾಮಗಿರಿಯನ್ನು ರದ್ದುಗೊಳಿಸೆಂದು ಫಿಲೆಮೋನನಿಗೆ ಬರೆಯಲಿಲ್ಲ, ನಿಜ. ಆದರೆ ಒನೇಸಿಮನನ್ನು ಪ್ರಿಯ ಸಹೋದರನಾಗಿ ಸ್ವೀಕರಿಸೆಂದ. ಅವನ ಸಾಲವೇನಿದ್ದರೂ ತನ್ನ ಲೆಕ್ಕಕ್ಕೆ ಬರೆದುಕೊ ಎಂದ. ಸೆನೆಕ ಉಪದೇಶಿಸಿದ, ಪೌಲ ಸಾಲವನ್ನು ಹೊತ್ತ. ಚೋಮನ ದಾರಿಯಲ್ಲಿ ಸಾಲ ಹೊರುವ ಅಂಥ ಒಬ್ಬನೂ ಎದುರಾಗಲಿಲ್ಲ.

1976ರ ಕಾಯಿದೆ ಜೀತವನ್ನು ನಿಷೇಧಿಸಿತು. ಹಾಗೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸೇವೆಗೆ ನಿಲ್ಲುವವರು ಈ ಕಾದಂಬರಿಯನ್ನು ಕರಾವಳಿಯ ಹಳೆಯ ಕಥೆಯೆಂದು ಬದಿಗಿಡಲಾಗದು. ಅನ್ಯರ ತೋಟದಲ್ಲಿ ಕಾಯಿ ಕೆಡವಿ, ಕೊಬ್ಬರಿ ಸುಲಿಯುವ ನೆಲವಿಲ್ಲದ ಕೂಲಿಯವನು ಮುಂಗಡ ಪಡೆದಿದ್ದಾನೆಯೇ, ಅದನ್ನು ಹೇಗೆ ತೀರಿಸುತ್ತಿದ್ದಾನೆ ಎಂದು ವಿಚಾರಿಸುವುದೂ ಫಿಲೆಮೋನನಿಗೆ ಬರೆದ ಪತ್ರದ ವ್ಯಾಖ್ಯಾನವೇ.